ಇಲಿಮನೆಯ ಗಡಿಯಾರ

ಇಲಿಗಳ ಜೊತೆ ಕೆಲಸ ಮಾಡುವವರು ನಗೆಪಾಟಲಾಗಲು ಮುಹೂರ್ತ ನೋಡಬೇಕಾಗಿಲ್ಲ. ಹೈದರಾಬಾದಿನ ಉಪ್ಪಲ್ ಕಡೆಯ ಪ್ರಯೋಗಾಲಯವೊಂದರ ಇಲಿಮನೆಯಲ್ಲಿ ನಾನು ಟೆಕ್ನಿಷಿಯನ್ ಆಗಿದ್ದಾಗ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಿತ್ತು.

ಹೆಣ್ಣಿಲಿಯ ಋತುಚಕ್ರ ನಾಲ್ಕೇ ದಿನದ್ದು. ಅದರಲ್ಲೊಂದು ಮಧ್ಯಾಹ್ನ ಹಾರ್ಮೋನು ಉಕ್ಕುತ್ತದೆ, ಅಂದು ಸಂಜೆ ಗಂಡಿಲಿಯನ್ನು ಪಂಜರಕ್ಕೆ ಬಿಡಬೇಕು. ತಪ್ಪಿದರೆ ಇನ್ನೂ ನಾಲ್ಕು ದಿನ ಕಾಯಬೇಕು. ನನ್ನ ಗಂಡ ವಿಶಾಖಪಟ್ಟಣದ ಕಾರ್ಖಾನೆಯಲ್ಲಿದ್ದರು, ತಿಂಗಳಿಗೊಂದು ಶನಿವಾರ ಬರುತ್ತಿದ್ದರು. ಮದುವೆಯಾಗಿ ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾಲ್ಕು ದಿನ ಕಾದರೆ ಸಾಕಾಗುವ ಇಲಿಗಳನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಎರಡು ಗಂಟೆ

ಹಾರ್ಮೋನು ಉಕ್ಕುವ ಮೊದಲು, ಸರಿಯಾಗಿ ಎರಡಕ್ಕೆ ಮದ್ದು ಚುಚ್ಚಿದರೆ ಅಂಡ ಬಿಡುಗಡೆ ಒಂದು ದಿನ ಮುಂದಕ್ಕೆ ಹೋಗುತ್ತದೆ. ನಮ್ಮ ಪ್ರಯೋಗ ಅದೇ. ಗಂಡ ನಮ್ಮ ಆಫೀಸಿಗೆ ಫೋನ್ ಮಾಡುತ್ತಿದ್ದುದೂ ಬುಧವಾರ ಎರಡಕ್ಕೇ.

ಒಂದು ಬುಧವಾರ ಫೋನ್ ಬಂತು.

"ಊಟ ಆತೇನು?"

"ಆತ್ರಿ. ನಿಮ್ದು?"

ಅಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಬರಬಹುದೆಂದು ನಾಲ್ಕರವರೆಗೆ ಫೋನಿನ ಪಕ್ಕದಲ್ಲೇ ಕೂತೆ. ಬರಲಿಲ್ಲ. ಆಮೇಲೆ ಓಡಿಹೋಗಿ ಚುಚ್ಚಿದೆ. ಇಲಿಗಳು ಮದ್ದಿಗೆ ಕ್ಯಾರೇ ಅನ್ನಲಿಲ್ಲ, ಎಂದಿನ ಹೊತ್ತಿಗೇ ಅಂಡ ಬಿಟ್ಟವು. ಪ್ರಯೋಗ ನಡೆಸುತ್ತಿದ್ದ ನಮ್ಮ ಡಾಕ್ಟರು ತೆಲುಗಿನವರು, ಮಿತಭಾಷಿ. ನಾನು ನಡೆದದ್ದು ಹೇಳಿದೆ. ಅವರು ರಿಜಿಸ್ಟರಿನಲ್ಲಿ "ಪ್ರಯೋಗ ಕೆಟ್ಟ ಕಾರಣ" ಎಂಬ ಕಾಲಮಿಗೆ ಒಂದೇ ಪದ ಬರೆದರು: "ಗಂಡ".

ವಾಚ್‌ಮನ್ನನ ಕರುಣೆ

ಇಲಿಗಳಿಗೆ ದಿನಕ್ಕೆ ಹತ್ತು ತಾಸು ಕಟ್ಟುನಿಟ್ಟಾಗಿ ಕತ್ತಲೆ ಬೇಕು. ಬೆಳಕು ಆರದಿದ್ದರೆ ಅವುಗಳ ಚಕ್ರವೇ ನಿಂತುಹೋಗುತ್ತದೆ. ಒಮ್ಮೆ ಕೆಲವು ವಾರ ಯಾವ ಇಲಿಗೂ ಗರ್ಭ ನಿಲ್ಲಲಿಲ್ಲ. ಡಾಕ್ಟರು ಮೇವು ಬದಲಿಸಿದರು, ಸೂಕ್ಷ್ಮದರ್ಶಕ ಬದಲಿಸಿದರು, ನನ್ನ ಮೇಲೂ ಒಂದೆರಡು ಸಲ ಹರಿಹಾಯ್ದರು. ಕೊನೆಗೆ ಸಿಕ್ಕಿಬಿದ್ದವನು ಹೊಸ ವಾಚ್‌ಮನ್. ಸಂಜೆ ನಾವು ಹೋದಮೇಲೆ ಬಲ್ಬು ಹಾಕಿ, ಬೆಳಿಗ್ಗೆ ನಾವು ಬರುವ ಮುಂಚೆ ಆರಿಸುತ್ತಿದ್ದ.

"ಅಂಧೇರೇ ಮೇಂ ಬಿಚಾರೇ ಡರ್‌ತೇ ನಾ, ಅಮ್ಮಾ," ಅಂದ. ಕತ್ತಲಲ್ಲಿ ಪಾಪ ಹೆದರುತ್ತವೆ ಅಂತ. ಅವನಿಗೆ ಮಕ್ಕಳು ಏಳು.

ಅಕ್ಕಿ ಡಬ್ಬಿ

ಬಲ್ಬು ಆರಿಸಿದ ಮೇಲೆ ಇಲಿಗಳು ಮರಿ ಹಾಕಿದ್ದನ್ನು ಮನೆಯಲ್ಲಿ ಹೇಳಿದ್ದು ನನ್ನ ತಪ್ಪು. ನನ್ನತ್ತೆ ರಾಯಚೂರು ಕಡೆಯವರು, ಮೊಮ್ಮಗುವಿಗಾಗಿ ಸುತ್ತದ ದೇವರಿಲ್ಲ. ಕತ್ತಲೆ ಎಷ್ಟು ತಾಸು ಎಂದಷ್ಟೇ ಕೇಳಿದರು.

ಆ ಶನಿವಾರ ದಿಲ್‌ಸುಖ್‌ನಗರದ ನಮ್ಮ ಮನೆಗೆ ಗಂಡ ಬಂದಾಗ ಸಂಜೆ ಏಳು. ನಾನಿನ್ನೂ ಬಸ್ಸಿನಲ್ಲಿದ್ದೆ. ಓಣಿಯೆಲ್ಲ ಝಗಮಗ, ನಮ್ಮ ಮನೆಯೊಂದೇ ಕತ್ತಲು. ಕಾಲಿಗೆ ಕೊಡ ತಾಗಿ ಬಿದ್ದರು. ಎದ್ದು ಲೈನ್‌ಮನ್ನನ್ನು ಕರೆತಂದರು. ಅವನು ಕಂಬ ಹತ್ತಿಳಿದ, ಫ್ಯೂಸು ಬಿಚ್ಚಿ ನೋಡಿದ, ಕಡೆಗೆ ಟಾರ್ಚು ಮೇಲಕ್ಕೆ ಹಿಡಿದ. ಒಂದು ಹೋಲ್ಡರಿನಲ್ಲೂ ಬಲ್ಬಿರಲಿಲ್ಲ. ಎಲ್ಲ ಅತ್ತೆಯ ಅಕ್ಕಿ ಡಬ್ಬಿಯಲ್ಲಿದ್ದವು.

"ಹತ್ತು ತಾಸು ಕತ್ತಲ ಬೇಕಂತ ಡಾಕ್ಟರೇ ಹೇಳ್ಯಾರಲ್ಲಪಾ," ಅಂದರು ಅತ್ತೆ. "ಮುಂಜಾನಿ ಐದಕ್ಕ ತೆಗದು ಕೊಡ್ತೀನಿ."

ಅರ್ಜಿ

ಕತ್ತಲೆಯಿಂದಲೂ ಏನೂ ಆಗಲಿಲ್ಲ. ಆ ತಿಂಗಳು ಮುಟ್ಟಾದ ದಿನ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನನ್ನತ್ತೆಗೆ ತಿಳಿಯಿತು. ಹೊರಗೆ ಬಂದಾಗ ಚಹಾ ಕೈಗಿಟ್ಟು ಕೇಳಿದರು:

"ಅಲ್ಲವ್ವಾ, ಆ ಇಲಿ ಗಂಡಂದ್ರು ಎಲ್ಲಿರ್ತಾವು?"

"ಬಾಜೂ ಪಂಜರದಾಗ್ರಿ. ವ್ಯಾಳ್ಯಾಕ್ಕ ಸರಿಯಾಗಿ ನಾನೇ ತಂದು ಬಿಡ್ತೀನಿ."

ಮರುದಿನ ಅತ್ತೆ ಒಂದು ಇನ್‌ಲ್ಯಾಂಡ್ ಪತ್ರ ತರಿಸಿ, ತಮಗೆ ಬರುವ ಒಂದೇ ಭಾಷೆಯಲ್ಲಿ ಬರೆದು, ನನ್ನ ಗಂಡನ ಸಾಹೇಬರಿಗೆ ಕಳಿಸಿದರು. ನನಗೆ ಹೇಳಲಿಲ್ಲ. ಸಾಹೇಬರು ತೆಲುಗಿನವರು. ಆ ಕಾರ್ಖಾನೆಯಲ್ಲಿ ಕನ್ನಡ ಬರುತ್ತಿದ್ದುದು ಒಬ್ಬರಿಗೇ, ಹಾಗಾಗಿ ಅವರನ್ನೇ ಕರೆಸಿದರು. ನನ್ನ ಗಂಡ ಇಡೀ ಸೆಕ್ಷನ್ನಿನ ಎದುರು ನಿಂತು, ತಮ್ಮ ತಾಯಿಯ ಪತ್ರವೆಂದು ಗೊತ್ತಾಗುವ ಮೊದಲೇ ಜೋರಾಗಿ ಓದಿ, ಸಾಲುಸಾಲಾಗಿ ತೆಲುಗಿನಲ್ಲಿ ಅರ್ಥ ಹೇಳತೊಡಗಿದ್ದರು:

"ಸಾಹೇಬರಿಗೆ ಶರಣು. ನನ್ನ ಸೊಸಿ ನೌಕರಿ ಮಾಡೋ ಕಡೆ ಇಲಿಗೂ ಹೊತ್ತಿಗೆ ಸರಿಯಾಗಿ ಗಂಡನ್ನ ತಂದು ಬಿಡ್ತಾರ. ಅದಕ್ಕಂತ ಒಬ್ರು ಡಾಕ್ಟರು ಅದಾರ. ನನ್ನ ಸೊಸಿ ಇಲಿಗಿಂತ ಕಡಿಮಿ ಏನ್ರಿ? ನನ್ನ ಮಗನ್ನ ಹೈದರಾಬಾದಿಗೆ ಹಾಕ್ರಿ."

ಸಾಹೇಬರು ಮೂರು ದಿನ ನಕ್ಕರಂತೆ. ನಾಲ್ಕನೆಯ ದಿನ ಹೈದರಾಬಾದಿನ ಸನತ್‌ನಗರದ ಶಾಖೆಗೆ ವರ್ಗಾವಣೆಯ ಕಾಗದ ತರಿಸಿ ಸಹಿ ಹಾಕಿದರು. ಅದರಲ್ಲೂ "ಕಾರಣ" ಎಂಬ ಕಾಲಮಿತ್ತು. ಅಲ್ಲಿ ಅವರು ಬರೆದದ್ದೂ ಒಂದೇ ಪದ: "ಇಲಿ".