ಟ್ಯಾಬ್ ಕೊಟ್ಟ ಅಳತೆ

ನನ್ನ ಹೆಂಡತಿಗೆ ಹೊಲಿಗೆ ಗೊತ್ತು, ನನಗೆ ಕಂಪ್ಯೂಟರ್ ಗೊತ್ತು. ಇಬ್ಬರೂ ನಮ್ಮ ನಮ್ಮ ಪಾಡಿಗೆ ಇದ್ದಿದ್ದರೆ ಸಂಗೀತದ ಮೇಷ್ಟ್ರ ಪ್ಯಾಂಟು ಅಷ್ಟು ವಿಶಾಲವಾಗುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗಿರಾಕಿಗಳ ಅಳತೆಯೆಲ್ಲ ಒಂದು ಹರಕು ಪುಸ್ತಕದಲ್ಲಿತ್ತು. ನಿವೃತ್ತನಾದ ಮೇಲೆ (ಅಂದರೆ ಎಲ್ಲರ ಕಾಲಿಗೂ ಅಡ್ಡ ಸಿಗುವ ಹುದ್ದೆಗೆ ಬಡ್ತಿ ಪಡೆದ ಮೇಲೆ) ನಾನು ಅದನ್ನೆಲ್ಲ ಕಂಪ್ಯೂಟರಿಗೆ ತುಂಬಿದೆ, ಒಬ್ಬೊಬ್ಬರಿಗೆ ಒಂದೊಂದು ಫೈಲು. ಕಪ್ಪು ಪರದೆಯಲ್ಲಿ 'ಅಳತೆ' ಎಂದು ಬರೆದು, ಹೆಸರನ್ನು ಅರೆಬರೆ ಕುಟ್ಟಿ ಟ್ಯಾಬ್ ಕೀಲಿ ಒತ್ತಿದರೆ ಉಳಿದದ್ದನ್ನು ತಾನೇ ತುಂಬುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮೊಂದನ್ನೂ ರಚಿಸಿದೆ. ಪ್ರಪಂಚ ಸೃಷ್ಟಿಸಿದವನಿಗೂ ಅಷ್ಟು ಜಂಬ ಇದ್ದಿರಲಾರದು.

ಒಂದು ಸಣ್ಣ ಸಂಗತಿ ಮರೆತಿದ್ದೆ. ಸಾಲಿನಲ್ಲಿ ಜಾಗ ಬಿಟ್ಟ ಕಡೆಯೆಲ್ಲ ಕತ್ತರಿಯಾಡಿಸಿ, ಕೊನೆಯ ತುಂಡನ್ನು ಮಾತ್ರ ನೋಡುವುದು ಆ ಸ್ಕ್ರಿಪ್ಟಿನ ಸ್ವಭಾವ. ಹೆಂಡತಿ 'ಸಂಗೀತದ ಮ' ಎಂದು ಕುಟ್ಟಿ ಟ್ಯಾಬ್ ಒತ್ತಿದಳು. ಅದು ಸಂಗೀತವನ್ನು ಅತ್ತ ತಳ್ಳಿ 'ಮ'ದಿಂದ ಶುರುವಾಗುವ ಫೈಲು ಹುಡುಕಿತು. ಇದ್ದದ್ದು ಒಂದೇ, 'ಮನೆಯವರು'. ಅಂದರೆ ನಾನು. (ಪರದೆ ನೋಡಬೇಕಾಗಿಲ್ಲ, ನೇರವಾಗಿ ಎಂಟರ್ ಒತ್ತು ಎಂದು ಕಲಿಸಿದವನೂ ನಾನೇ. ಅಚ್ಚಾಗಿ ಬರುವ ಅಳತೆಯ ಚೀಟಿಯಲ್ಲಿ ಹೆಸರು ಬೇಡ, ಅಂಕಿ ಸಾಕು ಎಂದವನೂ ನಾನೇ.)

"ರೀ, ಸೊಂಟ ಮೂವತ್ತೆಂಟು ಅಂತಿದೆ. ಮೇಷ್ಟ್ರು ಕಡ್ಡಿ ಥರ ಇದಾರಲ್ಲ?"

"ಊಟ ಮುಗಿಸಿ ಬಂದು ಅಳತೆ ಕೊಟ್ಟಿರ್ತಾರೆ ಕಣೇ. ಕಂಪ್ಯೂಟರ್ ತಪ್ಪು ಹೇಳಲ್ಲ."

ಅವಳು ಬಟ್ಟೆ ಕತ್ತರಿಸಿದಳು.

ಎರಡು ದಿನ ಬಿಟ್ಟು ಮೇಷ್ಟ್ರು ಬಂದರು. ಮಾರನೆಯ ದಿನ ಶಾಲೆಯಲ್ಲಿ ಅವರ ಬೀಳ್ಕೊಡುಗೆ, ಆ ಪ್ಯಾಂಟಿನಲ್ಲೇ ವೇದಿಕೆ ಹತ್ತಬೇಕು. ತೊಟ್ಟು ನೋಡಿದರೆ, ಒಳಗೆ ಅವರ ಜೊತೆ ಪಿಟೀಲೂ ನಾಲ್ವರು ಶಿಷ್ಯರೂ ಆರಾಮವಾಗಿ ಹಿಡಿಸುವಷ್ಟು ಜಾಗ. ಎರಡೂ ಕೈಯಲ್ಲಿ ಪ್ಯಾಂಟಿನ ಸೊಂಟ ಹಿಡಿದು ನಿಂತರು. ಇಪ್ಪತ್ತು ವರ್ಷದ ಗಿರಾಕಿ ಕೈತಪ್ಪುವುದು ಖಂಡಿತ ಎಂದು ಹೆಂಡತಿಯ ಮುಖ ಬಿಳಿಚಿಕೊಂಡಿತು.

ನಾನು ಕಂಪ್ಯೂಟರಿನ ಬಳಿ ಓಡಿ, ನೋಡಿ ಬಂದು, ಧೀರನಂತೆ ತಪ್ಪೊಪ್ಪಿಕೊಂಡೆ. ಅದು ನನ್ನ ಅಳತೆ ಎಂದೆ.

ಅವಳು ನನ್ನ ಹೊಟ್ಟೆಯನ್ನೇ ನೋಡಿದಳು. "ನಿಮ್ಮದಾ? ಮೂವತ್ತೆಂಟಾ? ಎಲ್ಲಿ, ಹಾಕ್ಕೊಂಡು ಬನ್ನಿ."

ಪ್ಯಾಂಟು ತೊಡೆಯ ಹತ್ತಿರವೇ ಸತ್ಯಾಗ್ರಹ ಹೂಡಿತು. ನನ್ನ ಫೈಲನ್ನು ನಾನು ತುಂಬಿದ್ದು ಟೇಪಿನಿಂದಲ್ಲ, ಮದುವೆಯ ಕಾಲದ ನೆನಪಿನಿಂದ. ಹೆಂಡತಿ ಟೇಪು ತಂದಳು. ಅದರ ಇನ್ನೊಂದು ತುದಿ ಹಿಡಿಯಲು ಮೇಷ್ಟ್ರೇ ಮುಂದೆ ಬಂದರು. ನಲವತ್ತಾರು. ಅವರು ತಮ್ಮ ದುಃಖ ಮರೆತು ಗೋಡೆಗೆ ಒರಗಿ ನಕ್ಕರು. ದೊಡ್ಡದನ್ನು ಚಿಕ್ಕದು ಮಾಡಬಹುದಲ್ಲ, ಅವಳು ಕೂತಲ್ಲೇ ಹೊಲಿಗೆ ಬಿಚ್ಚಿ ಪ್ಯಾಂಟು ಸರಿಮಾಡಿ ಕೊಟ್ಟಳು. ಗಿರಾಕಿ ಉಳಿದರು.

ಸ್ಕ್ರಿಪ್ಟನ್ನು ತಿದ್ದಿದೆ, ಈಗ ಎರಡು ಪದದ ಹೆಸರನ್ನೂ ಇಡಿಯಾಗಿ ಹಿಡಿಯುತ್ತದೆ. ನನ್ನ ಫೈಲನ್ನು ಅವಳೇ ತಿದ್ದಿದಳು. ದಿನಾ ಊಟದ ಹೊತ್ತಿಗೆ 'ಮ' ಕುಟ್ಟಿ ಟ್ಯಾಬ್ ಒತ್ತುತ್ತಾಳೆ. ನಲವತ್ತಾರರ ಚೀಟಿ ನನ್ನ ತಟ್ಟೆಯ ಪಕ್ಕಕ್ಕೆ ಬರುತ್ತದೆ, ಬಡಿಸಿದ್ದರಲ್ಲಿ ಅರ್ಧ ಪಾತ್ರೆಗೆ ವಾಪಸ್ಸು ಹೋಗುತ್ತದೆ.

ಗೊಣಗಿದರೆ ಮೆತ್ತಗೆ ಹೇಳುತ್ತಾಳೆ: "ಕಂಪ್ಯೂಟರ್ ತಪ್ಪು ಹೇಳಲ್ಲ ರೀ."