ನೆಲದ ಒಲೆಯೂ ಗೋಡೆಯ ಚಿಮಣಿಯೂ

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನಗೆ ನಮ್ಮ ಅಡುಗೆಮನೆಯ ಬಗ್ಗೆ ಖಚಿತವಾಗಿ ಗೊತ್ತಿದ್ದದ್ದು ಎರಡೇ ಸಂಗತಿ: ನೀರಿನ ಕೊಡ ಎಲ್ಲಿದೆ, ಚುರುಮುರಿ ಡಬ್ಬಿ ಎಲ್ಲಿದೆ. ಉಳಿದದ್ದೆಲ್ಲ ಗೊತ್ತಿದೆ ಎಂಬ ನಂಬಿಕೆ ಮಾತ್ರ. ಇದನ್ನು ಗಂಡಸರೆಲ್ಲರ ಪರವಾಗಿ ಹೇಳುತ್ತಿಲ್ಲ. ಜಲನಗರದ ನಮ್ಮ ಓಣಿಯಲ್ಲಿ ಹಪ್ಪಳ ಕರಿಯುವ ಗಂಡಸರೂ ಇದ್ದಾರೆ. ಅವರಿಂದಾಗಿಯೇ ನನ್ನಂಥವರು ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ.

ಕಳೆದ ಚಳಿಗಾಲದಿಂದ ನನ್ನ ಹೆಂಡತಿ ಸುವರ್ಣಾಗೆ ಕೆಮ್ಮು ಹತ್ತಿತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ ಶುರುವಾದರೆ ಮಧ್ಯಾಹ್ನದವರೆಗೆ ಬಿಡುತ್ತಿರಲಿಲ್ಲ. ಮೆಣಸಿನಕಾಯಿಯ ಘಾಟು ಪಡಸಾಲೆಗೆ ಬಂದರೆ ನಾನು ಪೇಪರು ಹಿಡಿದು ಅಂಗಳಕ್ಕೆ ಓಡುತ್ತಿದ್ದೆ. ಆಕೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಲ್ಲೇ ಇರುತ್ತಿದ್ದಳು. ಚಳಿಗಾಲ ಕಳೆದ ಮೇಲೆ ಕೊನೆಗೂ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಆಕೆಯನ್ನು ಪರೀಕ್ಷೆ ಮಾಡಿ ನನ್ನ ಕಡೆ ತಿರುಗಿದರು. "ಗುಳಿಗಿ ನಾ ಕೊಡತೇನ್ರಿ. ಹೊಗಿ ತಪ್ಪಸೂದು ನಿಮ್ಮ ಕೈಯಾಗೈತಿ. ಹಿಂಗ ಬಿಟ್ರ ಮುಂದ ದಮ್ಮು ಹತ್ತತೈತಿ." ನನಗೆ ನಿಜವಾಗಿ ಹೆದರಿಕೆಯಾಯಿತು. ಮನೆಗೆ ಬರುವಾಗ ಗಾಡಿಯ ಹಿಂದೆ ಕೂತು ಆಕೆ ಕೆಮ್ಮಿದಾಗಲೆಲ್ಲ ನನ್ನ ಬೆನ್ನಿಗೆ ತಾಗುತ್ತಿತ್ತು.

ಆಕೆ ನಾಲ್ಕು ದಿನ ತವರಿಗೆ, ಜೈನಾಪುರಕ್ಕೆ, ಹೋದಾಗ ಗುಟ್ಟಾಗಿ, ಅಡುಗೆಮನೆಯ ಹೊಗೆ ಎಳೆಯುವ ಕರೆಂಟಿನ ಚಿಮಣಿ ತರಿಸಿದೆ. ಕೂಡಿಸಲು ಬಂದ ಮಿಸ್ತ್ರಿ ಮೊದಲು ಗೋಡೆ ಬಡಿದು ನೋಡಿ, ಕೊರೆದು ಕೊಳವೆಯನ್ನು ಹೊರಗೆ ಬಿಡಬೇಕೆಂದ. ದೀಪಾವಳಿಗೆ ಬಣ್ಣ ಹಚ್ಚಿಸಿದ ಗೋಡೆ! "ಅಟ್ಟದಾಗ ಬಿಟ್ರ ನಡಿಯೂದಿಲ್ಲೇನಪಾ?" ಎಂದೆ.

"ಎಣ್ಣಿ ಜಿಡ್ಡೆಲ್ಲಾ ಅಟ್ಟದಾಗ ಕುಂದರತೈತ್ರಿ ಸರ. ಬೆಂಕಿ ಹತ್ತಿದ್ರ ಬಣ್ಣಾನೂ ಉಳಿಯೂದಿಲ್ಲ, ಗ್ವಾಡಿನೂ ಉಳಿಯೂದಿಲ್ಲ."

ಗೋಡೆ ಕೊರೆಸಿದೆ. ಆಮೇಲೆ ಅವನು, "ಒಲಿ ಎಲ್ಲೈತ್ರಿ?" ಎಂದು ಕೇಳಿದ. ಕಟ್ಟೆಯ ಮೇಲಿನ ಒಲೆಯನ್ನು ಯಜಮಾನನ ಗತ್ತಿನಲ್ಲಿ ತೋರಿಸಿದೆ. "ಇದೊಂದ ಏನ್ರಿ?" "ಇದೊಂದ." ಅದರಿಂದ ಎರಡೂವರೆ ಅಡಿ ಮೇಲಕ್ಕೆ ಅಳೆದು ಕೂಡಿಸಿದ. ಪಾತ್ರೆ ಇಲ್ಲದೆ ಉರಿ ಬಿಡಬೇಡಿ, ಕಿಟಕಿ ಸ್ವಲ್ಪ ತೆರೆದಿಡಿ, ಜಾಳಿಗೆಯ ಜಿಡ್ಡು ತಪ್ಪದೆ ತೊಳೆಯಿರಿ ಎಂದು ಹೇಳಿ ಹೋದ. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ, ಹೆಂಡತಿಗೆ ಹೇಳಲು.

ಸುವರ್ಣಾ ಬಂದವಳು ತಲೆಯೆತ್ತಿ ಬಹಳ ಹೊತ್ತು ನೋಡಿದಳು. "ನಾವು ಸಣ್ಣವರಿದ್ದಾಗ ಕರೆಂಟ್ ಹೋದ್ರ ಚಿಮಣಿ ದೀಪಾ ಹಚ್ಚತಿದ್ವಿ. ಆ ಚಿಮಣಿ ಹೊಗಿ ಉಗಳತಿತ್ತು. ಈ ಚಿಮಣಿ ಹೊಗಿ ನುಂಗತೈತೇನ್ರಿ?" ನಾನು ಉತ್ಸಾಹದಿಂದ ಅರ್ಧ ತಾಸು ಉಪನ್ಯಾಸ ಕೊಟ್ಟೆ. ಆಕೆ ಹೂಂ ಎಂದಳು. ಖುಷಿಯಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಯಂತ್ರದ ಗುಂಯ್ ಸದ್ದನ್ನು ಸಂಗೀತದಂತೆ ಕೇಳುತ್ತಿದ್ದೆ. ಅದರ ಜೊತೆಗೆ ರೊಟ್ಟಿ ಬಡಿಯುವ ಸದ್ದು. ಅದರ ಜೊತೆಗೆ ಕೆಮ್ಮು. ಎದ್ದು ಹೋಗಿ ನೋಡಿದರೆ ಕಟ್ಟೆಯ ಒಲೆ ತಣ್ಣಗಿದೆ, ಚಿಮಣಿ ಬರೀ ಗಾಳಿ ನುಂಗುತ್ತಿದೆ. ಸುವರ್ಣಾ ನೆಲದ ಮೇಲೆ ಕೂತಿದ್ದಾಳೆ. ಮುಂದೆ, ಕಟ್ಟೆಯ ಕೆಳಗಿಂದ ಎಳೆದುಕೊಂಡ ಒಂಟಿ ಗ್ಯಾಸ್ ಒಲೆ. ಅದರ ಮೇಲೆ ಹಂಚು, ಅವಳ ಮುಖದ ತುಂಬ ಸೀದ ಹಿಟ್ಟಿನ ಹೊಗೆ.

"ಇಲ್ಲ್ಯಾಕ ಕುಂತೀದಿ?"

"ಮತ್ತೆಲ್ಲಿ ಕುಂದರಲಿ? ಮದಲಿಂದನೂ ರೊಟ್ಟಿ ಇಲ್ಲೇ ಬಡೀತೇನಿ. ಮೆಣಸಿನಕಾಯಿ ಹುರಿಯೂದೂ ಇಲ್ಲೇ."

"ಹಂಗಾರ ಮ್ಯಾಲಿಂದು ಯಾಕ ಹಚ್ಚೀದಿ?"

"ನೀವು ಇಷ್ಟು ಹೌಸಿಲೆ ಕೂಡಿಸೀರಿ. ಬಂದ್ ಇಟ್ರ ನಿಮಗ ಬ್ಯಾಸರಾದೀತಂತ."

ಇಪ್ಪತ್ತೆರಡು ವರ್ಷ ದಿನಾ ಬಿಸಿ ರೊಟ್ಟಿ ತಿಂದಿದ್ದೇನೆ. ದಪ್ಪಾಯಿತು, ಸುಟ್ಟಿತು ಎಂದು ತಪ್ಪು ಹುಡುಕಿದ್ದೇನೆ. ಅದು ಎಲ್ಲಿಂದ ಬರುತ್ತದೆ ಎಂದು ಒಮ್ಮೆಯೂ ಒಳಗೆ ಇಣುಕಿರಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಹೊಗೆಯ ನೆಪ ಸಿಕ್ಕಿದ್ದರಿಂದ ಮರ್ಯಾದೆ ಉಳಿಯಿತು.

ಮಿಸ್ತ್ರಿಗೆ ಫೋನು ಮಾಡಿ, ಚಿಮಣಿಯನ್ನು ಇನ್ನೂ ಮೂರು ಅಡಿ ಇಳಿಸಬಹುದೇ ಎಂದು ಕೇಳಿದೆ. ಅವನು ನಕ್ಕು ಮುಗಿಸಿ, "ಸಿಲಿಂಡರ ಎಲ್ಲೈತ್ರಿ?" ಎಂದ. ನೆಲದ ಒಲೆಯ ಪಕ್ಕದಲ್ಲೇ ನಿಂತಿತ್ತು. "ಒಲಿ ಸಿಲಿಂಡರಕಿಂತ ಕೆಳಗ ಇರಬಾರದ್ರಿ ಸರ. ಮದಲ ಆ ಕೆಳಗಿನ ಒಲಿ ತಗೀರಿ." ಅವತ್ತೇ ತೆಗೆದೆ. ಆದರೆ ನಿಂತು ರೊಟ್ಟಿ ಬಡಿಯಲು ಸುವರ್ಣಾಗೆ ಆಗುತ್ತಿಲ್ಲ. ಕೂತರೇ ಕೈಗೆ ಕಸುವು ಬರುತ್ತದಂತೆ. ಎರಡು ದಿನ ಜೋಳದ ಹಿಟ್ಟಿನ ಮುದ್ದೆ ತಿಂದು ಒಂದು ಒಪ್ಪಂದಕ್ಕೆ ಬಂದೆವು: ಆಕೆ ಕೆಳಗೆ ಕೂತು ಬಡಿಯಬೇಕು, ನಾನು ಚಿಮಣಿಯ ಕೆಳಗೆ ನಿಂತು ಬೇಯಿಸಬೇಕು.

ಆಕೆಯ ಅಂಗೈಯಿಂದ ನನ್ನ ಅಂಗೈಗೆ ದಾಟುವಷ್ಟರಲ್ಲಿ ಮೊದಲ ರೊಟ್ಟಿ ಮೂರು ಹೋಳಾಯಿತು. ಎರಡನೆಯದು ಹಂಚಿನ ಅಂಚಿಗೆ ಜೋತುಬಿತ್ತು. ಈಗ ತಿಂಗಳಾಯಿತು, ರೊಟ್ಟಿ ಉಬ್ಬುತ್ತಿವೆ. ಆಕೆಯ ಕೆಮ್ಮು ತಗ್ಗಿದೆ; ಡಾಕ್ಟರೂ ತಲೆಯಾಡಿಸಿದ್ದಾರೆ.

ನಿನ್ನೆ ಮಾತ್ರ, ಎಲ್ಲರಿಗೂ ನಿಯಮ ಹೇಳಿಕೊಡುವ ನಾನೇ, ಚಿಮಣಿಯ ಗುಂಡಿ ಒತ್ತುವುದನ್ನು ಮರೆತು ಹಂಚಿಗೆ ರೊಟ್ಟಿ ಹಾಕಿಬಿಟ್ಟೆ. ಸೀದ ಹಿಟ್ಟಿನ ಹೊಗೆಗೆ ಒಂದೇ ಒಂದು ಸಲ ಕೆಮ್ಮಿದೆ. ಹಿಟ್ಟಿನ ಕೈಯಲ್ಲೇ ದಡಬಡಿಸಿ ಎದ್ದು ಗುಂಡಿ ಒತ್ತಿದ ಸುವರ್ಣಾ, "ನಾಳೆನ ದವಾಖಾನಿಗೆ ಹೋಗೂಣು ನಡೀರಿ" ಎಂದಳು. ಆಕೆಯನ್ನು ದವಾಖಾನೆಗೆ ಒಯ್ಯಲು ನನಗೆ ಒಂದು ಇಡೀ ಚಳಿಗಾಲ ಬೇಕಾಗಿತ್ತು.