ತಣ್ಣನ ಬೀರಕಾಯಿ

ಹಿಟ್ಟಿನ ಗಿರಣಿ ಇಟ್ಟ ಮ್ಯಾಲ ಹಿಟ್ಟು ಹಾರೂದು ತಪ್ಪಂಗಿಲ್ಲ, ಫೋನಿನಾಗ ಗುಂಪು ಕಟ್ಟಿದ ಮ್ಯಾಲ ಮರ್ಯಾದಿ ಹಾರೂದು ತಪ್ಪಂಗಿಲ್ಲ. ನನ್ನ ಹಣೇಬಾರಕ್ಕ ಎರಡೂ ನನ್ನ ಕೈಯಾಗ ಅದಾವ. ಆಂಧ್ರದ ಗಡಿ ಊರು ಆದೋನಿಯೊಳಗ ನಮ್ಮ ಓಣಿ ತುದಿಗಿರೂ ಗಿರಣಿ ನಂದು. "ಇವತ್ತೇನ್ ಅಡಿಗಿ" ಅನ್ನೂ ವಾಟ್ಸಾಪ್ ಗುಂಪಿಗೆ ಅಡ್ಮಿನ್ನೂ ನಾನೇ. ಗಿರಣಿಯಿಂದ ಯಾರಿಗೂ ಕೆಟ್ಟದ್ದಾಗಿಲ್ಲ. ಗುಂಪಿನಿಂದ ಮಾತ್ರ ಹತ್ತಿ ಸಾವ್ಕಾರ್ರ ಮಗಳ ಲಗ್ನ ಇನ್ನೇನು ಮುರದ ಬಿದ್ದಿತ್ತು. ಅದನ್ನ ಮೊದಲಿಂದ ಹೇಳ್ತೀನಿ, ಇಲ್ಲಾಂದ್ರ ನಿಮಗ ನಗಿ ಬರಂಗಿಲ್ಲ, ನನಗ ಸಿಟ್ಟು ಇಳಿಯಂಗಿಲ್ಲ.

ಇದೂ ಅವರೇ ಮಾಡಿದ್ದು

ಗುಂಪು ಕಟ್ಟಿದಾಕಿ ಸಾವ್ಕಾರ್ರ ಮಗಳೇ. ಕಾಲೇಜಿನಾಗ ಪಾಠ ಹೇಳ್ತಾಳ, ಶ್ಯಾಣೆ ಹುಡುಗಿ. ಓಣಿ ಹೆಣ್ಣುಮಕ್ಕಳು ದಿನಾ ಮಾಡೂ ಅಡಿಗೀದು ಫೋಟೋ ಹಾಕಬೇಕು, ನಾಳಿ ಏನ್ ಮಾಡ್ಲಿ ಅನ್ನೂ ಚಿಂತಿ ತಪ್ಪತೈತಿ ಅಂದ್ಲು. ಹಾಕಿದ್ವಿ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮರುದಿನ ಅದೇ ರೊಟ್ಟಿಗೆ ಬ್ಯಾಳಿ. ಯಾರೂ ಹೊಗಳಲಿಲ್ಲ, ಯಾರೂ ಬೈಲಿಲ್ಲ. ಸುಖವಾಗಿದ್ವಿ.

ಆಮ್ಯಾಲ ಗಂಡಸರು ಬಂದ್ರು. ನಾವೂ ಅಡಿಗಿ ಮಾಡ್ತೀವಿ, ನಮ್ಮನ್ನೂ ಸೇರಸ್ರಿ ಅಂತ. ಗಂಡಸರ ಅಡಿಗಿ ಅಂದ್ರ ಏನು, ಐತವಾರಕ್ಕೊಮ್ಮೆ ಕೋಳಿ. ನಾವು ವಾರಪೂರ್ತಿ ಮಾಡಿದ್ರ ಅದು ಅಡಿಗಿ, ಅವರು ಒಂದಿನ ಮಾಡಿದ್ರ ಸ್ಪೆಷಲ್. ಕೋಳಿ ತಟ್ಟಿ ಪಕ್ಕದಾಗ ಬೀರಿನ ಬಾಟ್ಲಿ ನಿಂದರಿಸಿ, "ಇದಕ್ಕ ಇದೇ ಜೋಡಿ" ಅಂತ ಬರಿಯೂದು. ನಾವು ಮಜ್ಜಿಗಿ ಫೋಟೋ ಯಾವತ್ತರ ಹಾಕಿದ್ವೇನು?

ನಮ್ಮನಿಯವರು ಮೋಟಾರ್ ರಿಪೇರಿ ಮಾಡ್ತಾರ. ಅಡಿಗೀನೂ ಹಂಗೇ ಮಾಡ್ತಾರ, ಎಲ್ಲಾ ಬಿಚ್ಚಿ ಹರವಿ. ಒಂದು ಐತವಾರ ಕೋಳಿ ಸಾರು ಮಾಡೂತನಕ ಮನ್ಯಾಗಿನ ಒಂದು ಬೋಗಾಣಿ ಉಳೀಲಿಲ್ಲ. ಉಪ್ಪು ಎಲ್ಲೈತಿ, ಧನಿಯಾಪುಡಿ ಎಲ್ಲೈತಿ ಅಂತ ಗಿರಣಿಗೆ ಒಂದೇ ಸವನ ಫೋನು. ಕೊತ್ತಂಬರಿ ಹೆಚ್ಚಿದಾಕಿ ನಾನು, ಒಲಿ ಸಣ್ಣ ಮಾಡಿದಾಕಿ ನಾನು. ಕಡೀಗೆ ಗುಂಪಿನಾಗ ಫೋಟೋ ಬಂತು, "ನಾನೇ ಮಾಡಿದ್ದು" ಅಂತ. ಗಂಡಸರೆಲ್ಲಾ ಹೆಬ್ಬೆಟ್ಟು ಒತ್ತಿದ್ರು.

ನಾನೂ ಒಂದು ಫೋಟೋ ತಗದೆ. ಬಚ್ಚಲದಾಗ ಒಟ್ಟಿದ ಮುಸುರಿ ಪಾತ್ರೀದು. ಕೆಳಗ ಬರದೆ, "ಇದೂ ಅವರೇ ಮಾಡಿದ್ದು."

ನೀರಿನ ರುಚಿ

ಗಂಡಸರು ಬಂದ ಮ್ಯಾಲ ಗುಂಪಿನಾಗ ಅಡಿಗಿ ಹಿಂದ ಸರೀತು, ಬೀರು ಮುಂದ ಬಂತು. ನಮ್ಮ ಆಂಧ್ರದ ಅಂಗಡ್ಯಾಗ ನಡುವ ಕೆಲವು ವರ್ಷ ಯಾರೂ ಕೇಳಿರದ ಹೆಸರಿನ ಬಾಟ್ಲಿ ಬರ್ತಿದ್ವು. ಆಗಿಂದ ನಮ್ಮವರಿಗೆ ಆಚೀಕಡೀ ಕರ್ನಾಟಕದ್ದೇ ಅಮೃತ. ನಮ್ಮನಿಯವರಂತೂ ಕಣ್ಣು ಮುಚ್ಚಿ ಒಂದು ಗುಟುಕು ಕುಡದ್ರ ಸಾಕು, ಆದೋನೀದೋ ಬಳ್ಳಾರೀದೋ ಹೇಳ್ತೀನಿ ಅಂತ ಗುಂಪಿನಾಗ ಬರದುಬಿಟ್ರು.

ಓಣಿ ಗಂಡಸರು ಬಿಡ್ತಾರೇನು? ಐತವಾರ ಮಧ್ಯಾಹ್ನ ನಮ್ಮ ಪಡಸಾಲ್ಯಾಗೇ ಪರೀಕ್ಷಾ ಇಟ್ರು. ಸ್ಟೀಲಿನ ಲೋಟಕ್ಕ ಹಾಕಿಕೊಡೂ ಕೆಲಸ ನನಗ ಬಂತು, ಹೆಣ್ಣುಮಗಳು ಮೋಸ ಮಾಡಂಗಿಲ್ಲ ಅಂತ. ಒಳಗ ಹೋಗಿ ಎರಡೂ ಲೋಟಕ್ಕ ಆದೋನೀದನ್ನೇ ಸುರುವಿದೆ.

ಮೊದಲನೇ ಲೋಟ ಕುಡದು ಮಾರಿ ಕಿವಿಚಿದ್ರು, ಇದು ನಮ್ಮೂರದು, ಹುಳಿ ಅಂಬಲಿ ವಾಸನಿ ಅಂದ್ರು. ಎರಡನೇದಕ್ಕ ಕಣ್ಣು ಮುಚ್ಚಿ ತಲಿ ಅಲ್ಲಾಡಿಸಿದ್ರು. ಇದು ನೋಡ್ರಿ ಬಳ್ಳಾರೀದು, ತುಂಗಭದ್ರಾ ನೀರಿನ ರುಚೀನೇ ಬ್ಯಾರೆ ಅಂದ್ರು. ಎಲ್ಲಾರೂ ಹೌದ್ಹೌದು ಅಂದ್ರು. ಖಾಲಿ ಬಾಟ್ಲಿ ತಂದು ಮುಂದಿಟ್ಟು ನಾನು ಅಂದೆ, "ತುಂಗಭದ್ರಾ ನೀರೇ ಬೇಕಾಗಿದ್ರ ನಮ್ಮ ನಳಾ ತಿರುವಿದ್ರ ಸಾಕಿತ್ತಲ್ರಿ, ಕಾಲುವಿ ಅದೇ ಹೊಳೀದು."

ಅವತ್ತು ಪಾತ್ರಿ ಎಲ್ಲಾ ಅವರೇ ತೊಳದ್ರು.

ಎಣ್ಣಿ ಬಾಟ್ಲಿ

ಈಗ ಸಾವ್ಕಾರ್ರ ಮಾತು. ಹತ್ತಿ ದಲಾಲಿ, ಕೊಳ್ಳಾಗ ಲಿಂಗ, ಹಣಿಮ್ಯಾಲ ಮೂರು ಪಟ್ಟಿ ವಿಭೂತಿ. ಉಳ್ಳಾಗಡ್ಡಿ ತಿಂದ್ರೂ ಸೋಮವಾರ ತಿನ್ನಂಗಿಲ್ಲ. ಅವರ ಮಗಳಿಗೆ ಆವಾಗ ಹಾಲಹರವಿ ಕಡೀದೊಂದು ಸಂಬಂಧ ನಡದಿತ್ತು. ಹುಡುಗನೂ ಮಾಸ್ತರ. ಇಬ್ಬರೂ ಫೋನಿನಾಗ ಮಾತಾಡಿ ಒಪ್ಪಿದ್ರು. ಈ ಹಿಂದ ಬಂದವರನ್ನೆಲ್ಲಾ ಬ್ಯಾಡ ಅಂದಿದ್ದ ಹುಡುಗಿ, ಇದು ಮುರದ್ರ ಇನ್ನ ಯಾರ ಮುಂದೂ ಸೀರಿ ಉಟ್ಟು ಕುಂದ್ರಂಗಿಲ್ಲ ಅಂತ ಅವ್ವಗ ಖಡಾಖಂಡಿತ ಹೇಳಿದ್ಲು. ಹುಡುಗನ ಮನಿಯವರು ಭಾಳ ಮಡಿ ಮಂದಿ. ಬಂಗಾರ ಬ್ಯಾಡ, ಸಾಮಾನು ಬ್ಯಾಡ, ಮನಿತನ ಸ್ವಚ್ಛ ಇರಬೇಕು, ಕುಡಿಯೂ ಮನೀ ಹೆಣ್ಣು ನಾವು ತರಂಗಿಲ್ಲ ಅಂತ ಹೇಳಿಕಳಿಸಿದ್ರು.

ಇಂಥಾದ್ರಾಗ ಸಾವ್ಕಾರ್ತಿ ಒಂದಿನ ತಾ ಮಾಡಿದ ಎಣ್ಣಿಗಾಯಿ ಫೋಟೋ ಹಾಕಿದ್ಲು. ಬದನಿಕಾಯಿ ಚಂದ ಬಂದಿತ್ತು. ಹಿಂದ ಕಟ್ಟೀಮ್ಯಾಲ ಸಾವ್ಕಾರ್ರ ಬೀರಿನ ಬಾಟ್ಲೀನೂ ಚಂದ ಬಂದಿತ್ತು, ಮ್ಯಾಲೆ ಹನಿ ಕಟ್ಟಿದ್ದು ಸುದ್ದಾ ಕಾಣ್ತಿತ್ತು. ಅದೇನ್ರಿ ಹಿಂದ ಅಂತ ಯಾರೋ ಕೇಳಿದ್ರು. ಸಾವ್ಕಾರ್ತಿ ಗಾಬ್ರಿ ಬಿದ್ದು, ಅದು ಎಣ್ಣಿ ಬಾಟ್ಲಿ ಅಂತ ಬರದ್ಲು. ಎಣ್ಣಿ ಅನ್ನೂದಕ್ಕ ನಮ್ಮದೇನೂ ತಕರಾರ ಇರಲಿಲ್ಲ, ಆದ್ರ ಅದರಾಗ ಬದನಿಕಾಯಿ ಹುರಿಯಾಕ ಬರಂಗಿಲ್ಲ.

ಆಕಿ ಓಡಿಕೋತ ಗಿರಣಿಗೆ ಬಂದು ಕಣ್ಣೀರು ಹಾಕಿದ್ಲು. ಮಗಳ ಬಾಳೇ ಹೋಗ್ತೈತಿ, ಏನರ ಮಾಡಕ್ಕಾ ಅಂತ. ಗುಂಪಿನಿಂದ ಆ ಫೋಟೋ ಅಳಿಸಿಸಿದೆ. ಇನ್ನ ಮ್ಯಾಲ ಗುಂಪಿನಾಗ ಬೀರಿನ ಹೆಸರೇ ಎತ್ತಬಾರದು ಅಂದೆ. ಗಂಡಸರು, ಹಂಗಾದ್ರ ಗುಂಪು ಯಾಕ ಬೇಕು ಅಂದ್ರು. ಕಪಾಟಿಗೂ ಬೀರು ಅಂತೀವಲ್ಲ, ಹಂಗ ತಿಳಕೊಂಡ್ರಾತು ಅಂತ ಒಬ್ಬ ಅಂದ. ನಿನ್ನಿ ಮೂರು ಬೀರು ಖಾಲಿ ಮಾಡಿದ್ವಿ ಅಂತ ಬರದ್ರ ಪೊಲೀಸರು ಬರ್ತಾರೋ ಮೂಢ ಅಂತ ಇನ್ನೊಬ್ಬ ಬೈದ. ಕಡೀಗೆ ಬೀರಕಾಯಿ ಅನ್ನೂದು ಅಂತ ಆತು. ನಮ್ಮ ಕಡೆ ಹೀರೇಕಾಯಿಗೆ ತೆಲುಗಿನವರು ಬೀರಕಾಯಿ ಅಂತಾರ, ಅವರ ಕೂಡ ಕೂಡಿ ನಾವೂ ಅಂತೀವಿ. ಯಾರಿಗೂ ಅನುಮಾನ ಬರಂಗಿಲ್ಲ.

ಅವತ್ತಿಂದ ಗುಂಪು ಓದಿದ್ರ ಕಾಯಿಪಲ್ಯದ ಸಂತಿ. "ಇವತ್ತಿನ ಬೀರಕಾಯಿ ಐಸ್ ಆಗೈತಿ." "ಎರಡು ಬೀರಕಾಯಿಗೆ ನಿದ್ದಿ ಬಂತು." "ಲೈಟ್ ಬೀರಕಾಯಿ ಹೆಂಗಸರಂಗ, ಸ್ಟ್ರಾಂಗೇ ಬೇಕು." ಈ ಕಡೀದಕ್ಕ ನಾನು ಬರದವನ ಹೆಂಡ್ತಿಗೆ ಫೋನ್ ಮಾಡಿ ಓದಿ ಹೇಳಿದೆ, ಆಮ್ಯಾಲ ಅವ ಒಂದು ವಾರ ಏನೂ ಬರೀಲಿಲ್ಲ.

ಈ ಗುಟ್ಟು ಗೊತ್ತಿಲ್ಲದಾವ್ರು ಒಬ್ಬರೇ, ರಿಟೈರ್ ಆದ ತೆಲುಗು ಮೇಷ್ಟ್ರು. ಓಣಿಯವರಿಗೆ ಕಾಯಿಪಲ್ಯದ ಮ್ಯಾಲ ಇಷ್ಟು ಪ್ರೀತಿ ಬಂದದ್ದು ನೋಡಿ ಅವರ ಕಣ್ಣು ತುಂಬಿ ಬಂತಂತ. ಉದ್ದಕ ಬರದ್ರು: ಬೀರಕಾಯಿ ದಿನಾ ತಗೊಂಡ್ರ ಹೊಟ್ಟಿ ಹಗುರ, ರಕ್ತ ಶುದ್ಧಿ, ಮಕ್ಕಳಿಗೂ ಸಣ್ಣಂದಿನಿಂದ್ಲೇ ರೂಢಿ ಮಾಡಸ್ರಿ. ಗಂಡಸರೆಲ್ಲಾ ಕೈಮುಗಿಯೂ ಚಿತ್ರ ಕಳಿಸಿ, ಗುರುಗಳೇ ನೀವು ದೇವರು ಅಂದ್ರು.

ಸಿಪ್ಪಿ

ಇಷ್ಟಕ್ಕೇ ನಿಂತಿದ್ರ ಪಾಡಿತ್ತು. ಸಾವ್ಕಾರ್ತಿಗೆ ಬಾಯಿ ಸುಮ್ಮನಿರಬೇಕಲ್ಲ? ಹುಡುಗನ ತಾಯಿ ಕೂಡ ಫೋನಿನಾಗ ಮಾತಾಡೂವಾಗ, ನಮ್ಮ ಅಡಿಗಿಗೆ ಊರೇ ಹೆಬ್ಬೆಟ್ಟು ಒತ್ತತೈತಿ ಅಂತ ಜಂಬ ಕೊಚ್ಚಿಕೊಂಡಾಳ. ಹಂಗಾದ್ರ ನನ್ನೂ ಗುಂಪಿಗೆ ಹಾಕ್ರಿ ಅಂದ್ಲಂತ ಆ ಬೀಗ್ತಿ. ಒಲ್ಲೆ ಅಂದ್ರ ಅನುಮಾನ, ಹೂಂ ಅಂದ್ರ ಅಪಾಯ. ಹುಡುಗಿ ಮಾರಿ ಸಣ್ಣದು ಮಾಡಿಕೊಂಡು ಹೆಸರು ಸೇರಿಸಿದ್ಲು. ನಾನು ಎಲ್ಲಾ ಮನಿಗೂ ಹೋಗಿ, ಬೀಗ್ತಿ ಬಂದಾರ, ಕೈ ಹಿಡದು ಬರೀರಿ ಅಂತ ಹೇಳಿ ಬಂದೆ. ನಮ್ಮನಿಯವರೊಬ್ಬರು ಕೆಲಸಕ್ಕ ಹೋಗಿದ್ರು, ಬಂದಾಗ ಹೇಳಿದ್ರಾತು ಅಂತ ಬಿಟ್ಟೆ.

ಬೀಗ್ತಿ ತಾ ಬಂದ ಮ್ಯಾಲ ಬಿದ್ದ ಮಾತೆಲ್ಲಾ ಓದಿದ್ಲು ಅನ್ನಸ್ತೈತಿ. ನಿಮ್ಮೂರಾಗ ಬೀರಕಾಯಿ ಭಾಳ ತಿಂತೀರಲ್ರಿ, ಸಿಪ್ಪಿ ಹೆಂಗ ತಗೀತೀರಿ, ನನಗ ಕೈ ಕೊಯ್ಯತೈತಿ ಅಂತ ಕೇಳಿದ್ಲು. ಹೆಣ್ಣುಮಕ್ಕಳು ಈಳಿಗಿ ಅಂತ ಬರಿಯೂದ್ರೊಳಗ ನಮ್ಮನಿಯವರ ಉತ್ತರ ಬಂದುಬಿಡ್ತು, "ಹಲ್ಲಿಲೆ."

ನಾನು ಗಿರಣಿ ಬಂದ್ ಮಾಡಿ ಅವರು ಕೆಲಸ ಮಾಡೂ ಕಡೆ ಓಡಿದೆ. ಅಷ್ಟರಾಗ ಬೀಗ್ತಿಯ ಮಾತು ಬಂದಿತ್ತು, ನಿಮ್ಮ ಕಡೆ ಗಂಡಸರ ಹಲ್ಲು ಗಟ್ಟಿ ಬಿಡ್ರಿ ಅಂತ.

ಯಾವ ತಳಿ

ಹುಡುಗನ ಕಡೆಯವರು ಮಾತು ಮುಗಿಸಾಕ ಬಂದ ದಿನ ನಾನು ಸಾವ್ಕಾರ್ರ ಅಡಿಗಿಮನ್ಯಾಗಿದ್ದೆ, ರೊಟ್ಟಿ ಬಡಿಯಾಕ ಕರದಿದ್ರು. ನಮ್ಮನಿಯವರಿಗೆ ಮನಿಬಿಟ್ಟು ಹೊರಗ ಬಂದ್ರ ನೋಡ್ರಿ ಅಂದು ಬಂದಿದ್ದೆ. ಬೀಗ್ತಿ, ಬೀಗರು, ಹುಡುಗ ಮೂವರೂ ಕಾರು ಇಳದ್ರು. ಬೀಗರು ಅಂದ್ರ ಸಾವ್ಕಾರ್ರಿಗಿಂತ ಒಂದು ಕೈ ಮ್ಯಾಲ, ವಿಭೂತಿ ಹಣಿಗಷ್ಟೇ ಅಲ್ಲ, ತೋಳಿಗೂ ಇತ್ತು. ಶಿವಾ ಶಿವಾ ಅನ್ನೂದು ಬಿಟ್ರ ಬ್ಯಾರೆ ಮಾತಿಲ್ಲ. ಅವರ ಹಿಂದ ಡ್ರೈವರ್ ಒಂದು ಚೀಲ ಹೊತ್ತು ತಂದ. ಸಾವ್ಕಾರ್ರಿಗೆ ಪ್ರೀತಿ ಅಂತ ಕೇಳಿ ನಮ್ಮ ಹೊಲದ ಬೀರಕಾಯಿ ತಂದೀನಿ ಅಂದ್ಲು ಬೀಗ್ತಿ.

ಸಾವ್ಕಾರ್ರಿಗೆ ಹೀರೇಕಾಯಿ ಅಂದ್ರ ಹುಟ್ಟಿದಾಗಿಂದ ಆಗಂಗಿಲ್ಲ. ಆದ್ರ ಏನ್ ಮಾಡ್ತಾರ? ಹೀರೇಕಾಯಿ ಬ್ಯಾಳಿ, ಹೀರೇಕಾಯಿ ಬಜ್ಜಿ, ಸಿಪ್ಪಿ ಚಟ್ನಿ, ಎಲ್ಲಾ ಅವರ ಎಲಿಗೇ ಹೆಚ್ಚಿಗಿ ಬಿತ್ತು. ಹರಳೆಣ್ಣಿ ಕುಡಿಯೂ ಕೂಸಿನಂಗ ನುಂಗತಿದ್ರು. ಹುಡುಗಿ ಬಾಗಿಲ ಹತ್ರ ನಿಂತು ಸೆರಗಿನ ತುದಿ ತಿರುವುತಿದ್ಲು. ಎರಡು ತುತ್ತು ದಾಟಿದ್ರ ಆಕಿ ಬಾಳು ದಾಟಿತು ಅನ್ಕೊಂಡೆ.

ಆವಾಗ ಬೀಗ್ತಿ ರೊಟ್ಟಿ ಮುರಕೋತ, ಎಲ್ಲಾರಿಗೂ ಕೇಳೂ ಹಂಗ ಬಾಯಿ ತಗದ್ಲು.

"ಅಣ್ಣಾರ, ಗುಂಪಿನಾಗ ದಿನಾ ಓದ್ತೀನಿ, ಲೈಟ್ ಬೀರಕಾಯಿ ಬ್ಯಾರೆ, ಸ್ಟ್ರಾಂಗ್ ಬೀರಕಾಯಿ ಬ್ಯಾರೆ ಅಂತ. ನಾವು ಬೆಳೆಯೂದು ಲೈಟ್ ಇರಬೇಕು. ಸ್ಟ್ರಾಂಗ್ ಅಂದ್ರ ಯಾವ ತಳಿ?"

ಸಾವ್ಕಾರ್ರ ಗಂಟಲಾಗ ಬಜ್ಜಿ ನಿಂತಿತು. ಸಾವ್ಕಾರ್ತಿ ಸೌಟು ಎತ್ತಿದ್ದು ಎತ್ತಿದಂಗೇ ಇತ್ತು. ಹುಡುಗಿ ಕಣ್ಣು ಮುಚ್ಚಿಕೊಂಡ್ಲು. ಏನರ ಸುಳ್ಳು ಹೇಳಬೇಕಂತ ನಾನು ಬಾಯಿ ತಗದೆ, ಸುಳ್ಳು ಬರಲಿಲ್ಲ. ಜೀವನದಾಗ ಮೊದಲನೇ ಸಲ ಹಂಗಾಗಿದ್ದು.

ಅಷ್ಟರಾಗ ಬೀಗರು, ಎಲೀ ಮ್ಯಾಲಿನ ಕಣ್ಣು ಎತ್ತದೇ, ಬ್ಯಾಳಿ ಕಲಸಿಕೋತ ಅಂದ್ರು, "ಸ್ಟ್ರಾಂಗು ನಮ್ಮ ಆಂಧ್ರದಾಗ ಚೊಲೋದು ಸಿಗಂಗಿಲ್ಲ. ಗಡಿ ದಾಟಿ ಬಳ್ಳಾರಿ ಕಡೆ ಹೋಗಬೇಕು. ತಣ್ಣಗಿದ್ದಾಗೇ ಮುಗಸಬೇಕು, ಬಿಸಿ ಆದ್ರ ಕೆಲಸಿಲ್ಲ."

ಅಂದ ಮ್ಯಾಲ ಅವರ ಕೈ ನಿಂತಿತು. ಹುಡುಗ ತಲಿ ಎತ್ತಿ ಫ್ಯಾನ್ ನೋಡಿಕೋತ ಕುಂತ. ಸಾವ್ಕಾರ್ರು ಮಾತ್ರ ನಿಧಾನ ತಲಿ ಎತ್ತಿ ಬೀಗರನ್ನ ನೋಡಿದ್ರು, ಜಾತ್ರ್ಯಾಗ ಕಳಕೊಂಡ ತಮ್ಮ ಸಿಕ್ಕಂಗ.

ಬೀಗ್ತಿ ಏನೂ ಆಗಿಲ್ಲ ಅನ್ನೂ ಹಂಗ ಮಜ್ಜಿಗಿ ಹಾಕಿಸಿಕೊಂಡ್ಲು. ಗಂಡನ ಕಡೆ ತಿರುಗಿ, "ಹಂಗಾದ್ರ ಈ ವಾರ ಬಳ್ಳಾರಿಗೆ ಬಿತ್ತನಿ ಬೀಜ ತರಾಕ ಹೋದಾಗ, ಬೀಗರಿಗೂ ನಾಕು ತಂದುಕೊಡ್ರಿ" ಅಂದ್ಲು. ಬೀಗರು ಎಲಿಗೇ ಹೂಂ ಅಂದ್ರು. ಅರ್ಧ ತಾಸಿನಾಗ ಎಲಿ ಅಡಿಕಿ ಬದಲಾತು, ಲಗ್ನ ಗಟ್ಟಿ ಆತು. ಮನಿತನ ಸ್ವಚ್ಛ ಅದಾವೋ ಇಲ್ಲೋ ಅನ್ನೂ ಮಾತನ್ನ ಎರಡೂ ಕಡೀ ಗಂಡಸರು ಮತ್ತೆ ಎತ್ತಲಿಲ್ಲ. ಹುಡುಗಿ ಅಡಿಗಿಮನಿಗೆ ಬಂದು ನನ್ನ ತೆಕ್ಕಿ ಬಿದ್ದು ಅಳಾಕ ಹತ್ತಿದ್ಲು, ನಗತಾನೂ ಇದ್ಲು.

ಆಕಿ ಹಿಂದ ಬೀಗ್ತಿ ಕೈ ತೊಳಕೊಳ್ಳಾಕ ಬಂದ್ಲು. ಮಾತು ಮುಚ್ಚಬೇಕಂತ, ಅಕ್ಕಾರ, ನಿಮ್ಮ ಬೀರಕಾಯಿ ಭಾಳ ಎಳೇವು ಇದ್ವು, ಬೀಜ ಬಳ್ಳಾರೀದೇನ್ರಿ ಅಂದೆ.

ಆಕಿ ಸೆರಗಿಗೆ ಕೈ ಒರಿಸಿಕೊಂಡು ಸೊಸಿಯಾಗೂ ಹುಡುಗಿ ಗಲ್ಲಾ ಹಿಂಡಿದ್ಲು. ಆಮ್ಯಾಲ ನನ್ನ ಕಿವಿ ಹತ್ರ ಬಂದ್ಲು.

"ಇವು ನಾ ಸಂತಿಯಾಗ ಕೊಂಡ ಬೀಜದ್ದವ್ವ. ನಮ್ಮವರು ಬಳ್ಳಾರಿಗೆ ಬೀಜಕ್ಕ ಹೋಗಾಕ ಹತ್ತಿ ನನ್ನ ಲಗ್ನ ಆದಷ್ಟು ವರ್ಷ ಆತು. ಅವರು ತಂದಿದ್ದು ಇವತ್ತಿನ ತನಕ ಒಂದೂ ಮೊಳತಿಲ್ಲ."